ಮುಷ್ಟಿಯ ಸಂಬಳ

ಐದು ವರ್ಷ ಆಡಿ ಎರಡೇ ಎರಡು ಗೋಲು ಹೊಡೆದ ಆಟಗಾರನಿಗೆ ಯಾರಾದರೂ ಮೂವತ್ತು ಕೋಟಿ ರೂಪಾಯಿ ಕೊಡುತ್ತಾರೆಯೇ? ಕೊಟ್ಟರು. 2010ರ ಜುಲೈ ತಿಂಗಳಲ್ಲಿ ನ್ಯೂಯಾರ್ಕ್ ರೇಂಜರ್ಸ್ ಎಂಬ ಐಸ್ ಹಾಕಿ ತಂಡ ಡೆರೆಕ್ ಬೂಗಾರ್ಡ್ ಎಂಬ ಇಪ್ಪತ್ತೆಂಟು ವರ್ಷದ ಹುಡುಗನ ಜೊತೆ ನಾಲ್ಕು ವರ್ಷಕ್ಕೆ 65 ಲಕ್ಷ ಡಾಲರಿನ ಕರಾರು ಮಾಡಿಕೊಂಡಿತು. ಅಂದಿನ ಲೆಕ್ಕದಲ್ಲಿ ನಮ್ಮ ದುಡ್ಡಿನಲ್ಲಿ ಸುಮಾರು 30 ಕೋಟಿ. ಅದಕ್ಕೆ ಮೊದಲು ಅವನು ಮಿನೆಸೋಟ ವೈಲ್ಡ್ ಎಂಬ ತಂಡದಲ್ಲಿ 255 ಪಂದ್ಯ ಆಡಿದ್ದ. ಎರಡು ಗೋಲು ಎಂದೆನಲ್ಲ, ಅವೆರಡೂ ಮೊದಲನೇ ವರ್ಷದವು. ಆಮೇಲಿನ ನಾಲ್ಕು ವರ್ಷ ಸೊನ್ನೆ.

ಅಂದ ಮೇಲೆ ಆ ದುಡ್ಡು ಗೋಲಿಗೆ ಕೊಟ್ಟದ್ದಲ್ಲ. ಅವನ ಮುಷ್ಟಿಗೆ ಕೊಟ್ಟದ್ದು.

ಇದನ್ನು 'ವೃತ್ತಿಪರ ಆಟಗಾರನ ಜೀವನ' ಎಂದು ಕರೆಯುತ್ತಾರೆ. ನನ್ನ ತಕರಾರು ಶುರುವಾಗುವುದೇ ಆ ಮಾತಿನಿಂದ. ವೃತ್ತಿ ಎಂದರೆ ಒಬ್ಬ ಮನುಷ್ಯ ಕಲಿತು, ಬೆಳೆದು, ವಯಸ್ಸಾದಂತೆ ಪಳಗುವ ಕೆಲಸ. ಅಕ್ಕಸಾಲಿಗನಿಗೆ ಐವತ್ತಕ್ಕೆ ಕೈ ಕೂರುತ್ತದೆ. ಮೇಷ್ಟ್ರು ನಿವೃತ್ತಿಯ ಹೊತ್ತಿಗೆ ಪಾಠ ಮಾಡುವುದನ್ನು ಪೂರ್ತಿ ಕಲಿತಿರುತ್ತಾರೆ. ಈ ಹುಡುಗನಿಗೆ ಕೊಟ್ಟ ಕೆಲಸ ದಿನದಿನಕ್ಕೂ ಅವನನ್ನೇ ತಿನ್ನುವಂಥದು. ಅದನ್ನು ಕೊಟ್ಟವರಿಗೆ ಇದು ಗೊತ್ತಿತ್ತು ಎನ್ನುವುದು ನನ್ನ ವಾದ.

ಮೊದಲು ಆಟವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಐಸ್ ಹಾಕಿ ಎಂದರೆ ನಮ್ಮ ಕೊಡಗಿನವರು ಆಡುವ ಹಾಕಿ ಅಲ್ಲ. ಮೈದಾನದ ಬದಲು ಮಂಜುಗಡ್ಡೆಯ ನೆಲ, ಕಾಲಿಗೆ ಅಲಗಿನ ಬೂಟು, ಚೆಂಡಿನ ಬದಲು ಪಕ್ ಎಂಬ ಕರಿ ರಬ್ಬರಿನ ಬಿಲ್ಲೆ. ಒಂದೊಂದು ಕಡೆಗೆ ಐದು ಜನ, ಜೊತೆಗೊಬ್ಬ ಗೋಲಿ. ಇಪ್ಪತ್ತಿಪ್ಪತ್ತು ನಿಮಿಷದ ಮೂರು ಭಾಗ. ಸುತ್ತ ಹಲಗೆಯ ಗೋಡೆ, ಅದರ ಮೇಲೆ ದಪ್ಪ ಗಾಜು. ಆಡುವವರು ಹಕ್ಕಿಯ ಹಾಗೆ ತೇಲಿಹೋಗುತ್ತಾರೆ. ತಿರುಗುವಾಗ ಮಂಜಿನ ಪುಡಿ ಚಿಮ್ಮುತ್ತದೆ. ಬಲು ಚೆಂದದ ಆಟ. ಹೀಗೆ ಹೊಗಳಿಯೇ ಮುಂದೆ ಹೋಗುತ್ತೇನೆ. ಇಲ್ಲದಿದ್ದರೆ 'ಹೆಂಗಸರಿಗೆ ಆಟದ ಸಂಗತಿ ಏನು ತಿಳಿಯುತ್ತದೆ' ಎನ್ನುವವರು ನಮ್ಮಲ್ಲೂ ಇದ್ದಾರೆ, ಅಲ್ಲೂ ಇದ್ದಾರೆ.

ಅಮೆರಿಕ, ಕೆನಡಾ ಎರಡೂ ದೇಶಗಳ ತಂಡಗಳು ಸೇರಿ ಆಡುವ ದೊಡ್ಡ ಸಂಸ್ಥೆಗೆ ನ್ಯಾಷನಲ್ ಹಾಕಿ ಲೀಗ್, ಚಿಕ್ಕದಾಗಿ ಎನ್‌ಎಚ್‌ಎಲ್ ಎಂದು ಹೆಸರು. ಅಲ್ಲಿ ಒಂದು ವಿಚಿತ್ರ. ಆಟದ ನಡುವೆ ಇಬ್ಬರು ಕೈಗವಸು ಕಿತ್ತೆಸೆದು, ಒಬ್ಬರ ಅಂಗಿಯನ್ನೊಬ್ಬರು ಹಿಡಿದು, ಬರಿಗೈಯಲ್ಲಿ ಮುಖಮೂತಿ ನೋಡದೆ ಗುದ್ದಾಡುತ್ತಾರೆ. ಬಿಡಿಸಬೇಕಾದ ಅಂಪೈರುಗಳು ಪಕ್ಕದಲ್ಲಿ ನಿಂತು, ಒಬ್ಬ ಬೀಳುವ ತನಕ ಅಥವಾ ಇಬ್ಬರೂ ಸುಸ್ತಾಗುವ ತನಕ ಕಾಯುತ್ತಾರೆ. ಶಿಕ್ಷೆ? ಐದು ನಿಮಿಷ ಬೆಂಚಿನ ಮೇಲೆ ಕೂರಬೇಕು, ಅಷ್ಟೇ. ನಾವು ಶಾಲೆಯಲ್ಲಿ ಪಕ್ಕದವಳ ಜಡೆ ಎಳೆದರೆ ಇದಕ್ಕಿಂತ ಹೆಚ್ಚು ಹೊತ್ತು ಹೊರಗೆ ನಿಲ್ಲಿಸುತ್ತಿದ್ದರು. ಐದೇ ನಿಮಿಷದ ಶಿಕ್ಷೆಯಾದ್ದರಿಂದ ತಂಡಗಳು ಅದಕ್ಕೆಂದೇ ಒಬ್ಬ ಆಳನ್ನು ಸಾಕತೊಡಗಿದವು. ಎದುರಿನವರು ನಮ್ಮ ಒಳ್ಳೆಯ ಆಟಗಾರನ ಮೈಮೇಲೆ ಬಂದರೆ ಇವನು ಎದ್ದುಹೋಗಿ ಗುದ್ದಬೇಕು. ಅವರ ಕಡೆಯ ಆಳು ಎದ್ದು ಬಂದರೆ ಅವನ ಜೊತೆ ಗುದ್ದಾಡಬೇಕು. ಎನ್‌ಫೋರ್ಸರ್ ಎಂದು ಈ ಕೆಲಸದ ಹೆಸರು. ನಿಯಮದ ಪುಸ್ತಕದಲ್ಲಿ ಆ ಪದವಿ ಇಲ್ಲ. ಆದರೆ ಸಂಬಳದ ಪಟ್ಟಿಯಲ್ಲಿ ಅವನಿರುತ್ತಾನೆ.

2009ರ ಚಳಿಗಾಲದಲ್ಲಿ ಮಗಳ ಬಾಣಂತನಕ್ಕೆಂದು ನಾನು ಮಿನೆಸೋಟಕ್ಕೆ ಹೋಗಿದ್ದೆ. ಹೊರಗೆ ಕಾಲಿಡಲಾಗದ ಹಿಮ. ಒಳಗೆ ಮಗುವಿಗೆ ಎಣ್ಣೆ ನೀರು, ಮಗಳಿಗೆ ಮೆಣಸು ಜೀರಿಗೆಯ ಸಾರು, ಸಂಜೆಯಾದರೆ ಅಳಿಯಂದಿರ ಟಿ.ವಿ. ಒಂದು ದಿನ, 'ಅತ್ತೆ, ಬೇಗ ಬನ್ನಿ, ನೋಡಿ ನೋಡಿ!' ಎಂದು ಕೂಗಿದರು. ಏನಾಯಿತೋ ಎಂದು ಒಗ್ಗರಣೆ ಸೌಟು ಹಿಡಿದೇ ಓಡಿದೆ. ಆರೂಮುಕ್ಕಾಲು ಅಡಿ ಎತ್ತರದ ಒಬ್ಬ ಇನ್ನೊಬ್ಬನ ಕೊರಳಪಟ್ಟಿ ಹಿಡಿದು ಒಂದೇ ಸಮ ಗುದ್ದುತ್ತಿದ್ದ. ಸಾವಿರಾರು ಜನ ಎದ್ದು ನಿಂತಿದ್ದರು. ಗಾಜಿನ ಆಚೆ ಕೂತ ಒಬ್ಬ ತಾಯಿ ತನ್ನ ಮಗುವಿಗೆ ಕಾಣಲೆಂದು ಅದನ್ನು ಎತ್ತಿ ಹಿಡಿದಿದ್ದಳು. ವಿವರಣೆ ಹೇಳುವವನ ಗಂಟಲು ಹಬ್ಬದ ಗಂಟಲು. ಆ ಗದ್ದಲಕ್ಕೆ ತೊಟ್ಟಿಲಲ್ಲಿದ್ದ ನಮ್ಮ ಕೂಸು ಬೆಚ್ಚಿ ಎದ್ದಿತು. ಬೂಗಾರ್ಡ್ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಅಂದು. ಅವನ 24ನೇ ನಂಬರಿನ ಅಂಗಿ ಹಾಕಿಕೊಂಡ ಮಕ್ಕಳು ಆ ಊರಿನ ಅಂಗಡಿಗಳಲ್ಲೆಲ್ಲ ಕಾಣಸಿಗುತ್ತಿದ್ದರು. 'ಬೂಗಿಮ್ಯಾನ್' ಎಂದು ಕರೆಯುತ್ತಿದ್ದರು. ಅಂದರೆ ನಮ್ಮ ಮಕ್ಕಳನ್ನು ಊಟ ಮಾಡಿಸುವಾಗ ಕರೆಯುತ್ತೇವಲ್ಲ, ಆ ಗುಮ್ಮ.

'ಅವನ ಇಷ್ಟ ಅತ್ತೆ. ಅವನೇ ಒಪ್ಪಿ ಆರಿಸಿಕೊಂಡ ಕೆಲಸ. ಕೋಟಿಗಟ್ಟಲೆ ಸಂಬಳ ಬೇರೆ' ಎಂದರು ಅಳಿಯಂದಿರು. ಒಳ್ಳೆಯ ಮನುಷ್ಯ, ಒಂದು ಇರುವೆಯನ್ನು ಹೊಸಕಿದವರಲ್ಲ. ಅವರೇ ಹೀಗೆಂದರೆ ಇನ್ನುಳಿದವರ ಮಾತೇನು? ಈ 'ಅವನ ಇಷ್ಟ' ಎನ್ನುವ ಮಾತನ್ನು ಸ್ವಲ್ಪ ಬಿಚ್ಚಿ ನೋಡೋಣ.

ಡೆರೆಕ್ ಬೂಗಾರ್ಡ್ ಹುಟ್ಟಿದ್ದು 1982ರ ಜೂನ್ 23ರಂದು, ಕೆನಡಾದ ಸಸ್ಕಾಟೂನಿನಲ್ಲಿ. ಅಪ್ಪ ಪೊಲೀಸು. ವರ್ಗವಾದಲ್ಲೆಲ್ಲ ಸಂಸಾರ ಹೊರಡಬೇಕು. ಗೋಧಿ ಹೊಲಗಳ ನಡುವಿನ ಸಣ್ಣ ಸಣ್ಣ ಊರುಗಳು. ಪ್ರತಿ ಊರಲ್ಲೂ ಈತ ಹೊಸಬ, ವಯಸ್ಸಿಗೆ ಮೀರಿದ ದೇಹ, ಓದಿನಲ್ಲಿ ಹಿಂದೆ. ಇಂಥ ಹುಡುಗರನ್ನು ನಾವು ಕಂಡಿಲ್ಲವೇ? ತರಗತಿಯ ಕೊನೆಯ ಬೆಂಚಿನಲ್ಲಿ ಮುದುಡಿ ಕೂರುತ್ತಾರೆ. ಯಾರಾದರೂ ಒಂದು ಒಳ್ಳೆಯ ಮಾತಾಡಿದರೆ ಅವರ ಹಿಂದೆಯೇ ಹೋಗುತ್ತಾರೆ. ಇವನಿಗೆ ಆಟದ ಅಂಕಣ ಒಂದೇ ಆಸರೆ. ಎನ್‌ಎಚ್‌ಎಲ್‌ನಲ್ಲಿ ಆಡಬೇಕೆಂಬುದು ಆಸೆ, ಆ ದೇಶದ ಎಲ್ಲ ಹುಡುಗರಿಗೂ ಇರುವ ಆಸೆ.

ಹದಿನಾರರ ಆಸುಪಾಸಿನಲ್ಲಿ, ಮೆಲ್ಫರ್ಟ್ ಎಂಬ ಊರಿನಲ್ಲಿ, ಒಂದು ಪಂದ್ಯದಲ್ಲಿ ಅವನಿಗೆ ತಾಳ್ಮೆ ತಪ್ಪಿತು. ಎದುರು ತಂಡದವರು ಕೂತಿದ್ದ ಬೆಂಚಿಗೇ ನುಗ್ಗಿ ಕೈಗೆ ಸಿಕ್ಕವರನ್ನು ಹೊಡೆಯತೊಡಗಿದ. ಇಂಥದ್ದು ನಮ್ಮ ಮನೆಯ ಹುಡುಗ ಮಾಡಿದರೆ ನಾವೇನು ಮಾಡುತ್ತೇವೆ? ಎರಡು ಬೈದು, ಪಕ್ಕ ಕೂರಿಸಿಕೊಂಡು, ಏನಾಯಿತಪ್ಪ ಎಂದು ಕೇಳುತ್ತೇವೆ. ಅಂದು ಅಲ್ಲಿ ದೊಡ್ಡ ಊರಾದ ರೆಜೈನಾದ ತಂಡಕ್ಕೆ ಹುಡುಗರನ್ನು ಹುಡುಕುವವರು ಬಂದು ಕೂತಿದ್ದರು. ಅವರು ಬೈಯಲಿಲ್ಲ. ಹೆಸರು ಬರೆದುಕೊಂಡರು.

ಒಂದು ಹುಡುಗನ ಇಡೀ ಬದುಕಿನಲ್ಲಿ ದೊಡ್ಡವರು ಮೊದಲ ಬಾರಿಗೆ ಅವನನ್ನು 'ಬೇಕು' ಎಂದು ಕರೆದದ್ದು ಅವನು ಅತಿ ಕೆಟ್ಟದಾಗಿ ನಡೆದುಕೊಂಡ ದಿನ. ಇದಕ್ಕೆ ಇಷ್ಟ ಎನ್ನುತ್ತೀರಾ? ಹದಿನಾರು ವರ್ಷದವನಿಗೆ ಒಂದೇ ಬಾಗಿಲು ತೆರೆದಿಟ್ಟು, ಉಳಿದದ್ದಕ್ಕೆಲ್ಲ ಅಗುಳಿ ಹಾಕಿ, ಒಳಗೆ ಬಂದ ಮೇಲೆ 'ನೀನೇ ಬಂದೆಯಲ್ಲ' ಎನ್ನುವುದು ಯಾವ ನ್ಯಾಯ? ಈ ನ್ಯಾಯದ ಪರಿಚಯ ನಮಗೆ, ಹೆಂಗಸರಿಗೆ, ಚೆನ್ನಾಗಿಯೇ ಇದೆ. 'ನೀನೇ ಒಪ್ಪಿ ಮದುವೆಯಾದೆಯಲ್ಲ' ಎಂಬ ಮಾತು ಎಷ್ಟು ಮನೆಗಳ ಅಡಿಗೆಕೋಣೆಯಲ್ಲಿ ಕೇಳಿಲ್ಲ! ನಮ್ಮ ಕರಾವಳಿಯ ಕೋಳಿ ಅಂಕದಲ್ಲಿ ಹುಂಜದ ಕಾಲಿಗೆ ಬಾಳು ಕಟ್ಟುವಾಗ ಯಾರೂ ಅದರ ಒಪ್ಪಿಗೆ ಕೇಳುವುದಿಲ್ಲ; ಕೇಳಿದ್ದೆವು ಎಂದು ಆಮೇಲೆ ಹೇಳಿಕೊಳ್ಳುವುದೂ ಇಲ್ಲ. ಅಷ್ಟರಮಟ್ಟಿಗೆ ಅಲ್ಲಿ ಪ್ರಾಮಾಣಿಕತೆ ಇದೆ.

ಆಮೇಲಿನದು ಬೇಗ ಹೇಳಿ ಮುಗಿಸಬಹುದು. ರೆಜೈನಾದಿಂದ ಪ್ರಿನ್ಸ್ ಜಾರ್ಜ್ ಎಂಬಲ್ಲಿಗೆ ಸಾಗಹಾಕಿದರು. ಅಲ್ಲಿ ಗುದ್ದಿಸಿಕೊಂಡ, ದವಡೆ ಮುರಿಯಿತು, ವಾಸಿಯಾದ ಮೇಲೆ ಮತ್ತೆ ಗುದ್ದಾಡಿದ. 2001ರಲ್ಲಿ ಮಿನೆಸೋಟದವರು 202ನೆಯವನಾಗಿ ಆರಿಸಿಕೊಂಡರು. ನಾಲ್ಕು ವರ್ಷ ಕೆಳಗಿನ ಮಟ್ಟದ ಲೀಗುಗಳಲ್ಲಿ ಗುದ್ದಾಡಿಸಿ, 2005ರಲ್ಲಿ ಮೇಲಕ್ಕೆ ತಂದರು. 2006ರ ಅಕ್ಟೋಬರಿನಲ್ಲಿ ಟಾಡ್ ಫೆಡೊರುಕ್ ಎಂಬ ಎದುರಾಳಿಯ ಕೆನ್ನೆಯ ಮೂಳೆಯನ್ನು ಒಂದೇ ಗುದ್ದಿಗೆ ಪುಡಿ ಮಾಡಿದ. ಅದನ್ನು ಟೈಟೇನಿಯಂ ಲೋಹದ ಪಟ್ಟಿ ಇಟ್ಟು ಕೂಡಿಸಬೇಕಾಯಿತು. ಮರುವರ್ಷ ಅದೇ ಫೆಡೊರುಕ್ ಇವನ ತಂಡಕ್ಕೇ ಬಂದು, ಇಬ್ಬರೂ ಒಂದೇ ಕೋಣೆಯಲ್ಲಿ ಬಟ್ಟೆ ಬದಲಾಯಿಸಿದರು! ಅವರ ನಡುವೆ ಹಗೆ ಇರಲೇ ಇಲ್ಲ. ಹಗೆಯಿಲ್ಲದವನ ಮುಖ ಒಡೆಯುವುದು ಎಂಥ ಕೆಲಸ! ಸಿಟ್ಟಿನಿಂದ ಹೊಡೆದವನಿಗೆ ಸಿಟ್ಟು ಇಳಿದ ಮೇಲೆ ನಿದ್ದೆಯಾದರೂ ಬರುತ್ತದೆ. ಇವನಿಗೆ ಮಾರನೆಯ ಪಂದ್ಯದಲ್ಲಿ ಯಾರ ಜೊತೆ ಗುದ್ದಾಡಬೇಕು ಎಂಬುದು ಹಿಂದಿನ ರಾತ್ರಿಯೇ ಗೊತ್ತಿರುತ್ತದೆ.

ಆಟವಿಲ್ಲದ ಹೊತ್ತಿನಲ್ಲಿ ಬಲು ಸಾಧು ಎಂದು ಅವನನ್ನು ಬಲ್ಲವರೆಲ್ಲ ಹೇಳಿದ್ದಾರೆ. ಆಸ್ಪತ್ರೆಯ ಮಕ್ಕಳನ್ನು ನೋಡಲು ಹೋಗುತ್ತಿದ್ದನಂತೆ. ಆದರೆ 2007ರಲ್ಲಿ ಅವನೂ ಅವನ ತಮ್ಮನೂ ರೆಜೈನಾದಲ್ಲಿ ಹುಡುಗರಿಗಾಗಿ ಬೇಸಿಗೆ ಶಿಬಿರ ಮಾಡಿದರು. ಕಲಿಸಿದ್ದು ಹೊಡೆದಾಟ. ಶಿಬಿರದ ಮಕ್ಕಳಿಗೆ ಕೊಟ್ಟ ಬನಿಯನ್ನಿನ ಮೇಲೆ ರಕ್ತ ಸಿಡಿದ ಹಾಗೆ ಕೆಂಪು ಬಣ್ಣ ಅಚ್ಚು ಹಾಕಿಸಿದ್ದರು. ಇದನ್ನು ಬರೆಯದೆ ಬಿಟ್ಟರೆ ನಾನು ಅವನನ್ನು ದೇವರು ಮಾಡಿದ ಹಾಗಾಗುತ್ತದೆ. ತನಗೆ ಮಾಡಿದ್ದನ್ನು ಅವನು ಮುಂದಿನವರಿಗೂ ಹಂಚಲು ಹೊರಟಿದ್ದ. ಅತ್ತೆಯ ಕೈಯಲ್ಲಿ ನೊಂದ ಸೊಸೆಯರೆಲ್ಲ ಒಳ್ಳೆಯ ಅತ್ತೆಯಂದಿರಾಗುವುದಿಲ್ಲ ನೋಡಿ.

ಇನ್ನು ಮಾತ್ರೆಗಳ ಕತೆ. ಇದನ್ನು ನಿಧಾನವಾಗಿಯೇ ಹೇಳಬೇಕು.

ಗುದ್ದುವ ಕೈಗೆ ನೋವಾಗದೆ ಇರುತ್ತದೆಯೇ? ಬೆರಳ ಗೆಣ್ಣುಗಳು ಒಡೆದು, ಕೂಡಿ, ಮತ್ತೆ ಒಡೆದವು. 2009ರಲ್ಲಿ ಬೆನ್ನಿಗೂ ಭುಜಕ್ಕೂ ಶಸ್ತ್ರಚಿಕಿತ್ಸೆಯಾಯಿತು. ನೋವು ಮರೆಸಲು ಆಕ್ಸಿಕೊಡೋನ್, ಹೈಡ್ರೋಕೊಡೋನ್ ಎಂಬ ಮಾತ್ರೆಗಳು. ಅಫೀಮಿನ ಬಳಗದವು; ಹಿಡಿದರೆ ಬಿಡುವುದಿಲ್ಲ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಜಾನ್ ಬ್ರಾಂಚ್ 2011ರ ಡಿಸೆಂಬರಿನಲ್ಲಿ ಈ ಹುಡುಗನ ಬಗ್ಗೆ ಮೂರು ಕಂತಿನ ವರದಿ ಬರೆದರು, 2014ರಲ್ಲಿ ಅದನ್ನೇ ಬೆಳೆಸಿ ಪುಸ್ತಕವನ್ನೂ ತಂದರು. ಅದರಲ್ಲಿರುವ ಲೆಕ್ಕ ಇದು: 2008ರ ಅಕ್ಟೋಬರಿನಿಂದ 2009ರ ಏಪ್ರಿಲಿನ ತನಕ, ಒಂದೇ ಆಟದ ಋತುವಿನಲ್ಲಿ, ಅವನಿಗೆ ಈ ಎರಡು ಬಗೆಯ ಮಾತ್ರೆಗಳಿಗೆ ಕಡಿಮೆಯೆಂದರೂ 25 ಚೀಟಿ ಬರೆದುಕೊಟ್ಟಿದ್ದರು. ಮಾತ್ರೆಗಳ ಸಂಖ್ಯೆ 622. ಬರೆದ ವೈದ್ಯರು ಹತ್ತು ಮಂದಿ. ಅವರಲ್ಲಿ ಎಂಟು ಮಂದಿ ಅವನ ತಂಡದ ವೈದ್ಯರೇ.

ನಾನು ಟಿ.ವಿ.ಯಲ್ಲಿ ಅವನನ್ನು ನೋಡಿದೆನಲ್ಲ, ಆ ಆರು ತಿಂಗಳೇ ಇದು.

ಮಗುವಿಗೆ ಜ್ವರ ಬಂದರೆ ನಾವು ಎಷ್ಟು ಗಂಟೆಗೆ ಎಷ್ಟು ಚಮಚ ಔಷಧಿ ಕೊಟ್ಟೆವೆಂದು ಗೋಡೆಯ ಕ್ಯಾಲೆಂಡರಿನ ಮೇಲೆ ಪೆನ್ಸಿಲಿನಿಂದ ಗುರುತು ಹಾಕುತ್ತೇವೆ. ಎರಡನೇ ವೈದ್ಯರ ಬಳಿ ಹೋದರೆ ಮೊದಲನೆಯವರ ಚೀಟಿ ತೋರಿಸುತ್ತೇವೆ. ಓದು ಬಾರದ ನಮ್ಮ ಕೆಲಸದಾಕೆ ಕೂಡ ಮಾತ್ರೆಯ ಖಾಲಿ ಹಾಳೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಾಳೆ. ಅಷ್ಟು ದೊಡ್ಡ ಸಂಸ್ಥೆಗೆ, ಕಂಪ್ಯೂಟರು ಇಟ್ಟುಕೊಂಡು ಒಬ್ಬೊಬ್ಬ ಆಟಗಾರ ಎಷ್ಟು ಸೆಕೆಂಡು ಮಂಜಿನ ಮೇಲಿದ್ದ ಎಂದು ಲೆಕ್ಕ ಬರೆಯುವವರಿಗೆ, 622 ಮಾತ್ರೆಗಳನ್ನು ಒಂದು ಹಾಳೆಯ ಮೇಲೆ ಬರೆದು ಕೂಡಿಸಲು ಒಬ್ಬರು ಸಿಗಲಿಲ್ಲವೇ? ಕೊನೆಗೆ ಕೂಡಿಸಿದವನು ಅಪ್ಪ. ಪೊಲೀಸನಾದ ಆತ ಮಗ ಸತ್ತ ಮೇಲೆ ಔಷಧಿಯ ದಾಖಲೆಗಳನ್ನೂ ಫೋನಿನ ದಾಖಲೆಗಳನ್ನೂ ಹುಡುಕಿ ತೆಗೆದು, ಅಪರಾಧದ ತನಿಖೆ ಮಾಡುವ ಹಾಗೆ ಒಂದೊಂದಾಗಿ ಜೋಡಿಸಿದ. ಜೀವಮಾನವೆಲ್ಲ ಕಲಿತ ವಿದ್ಯೆ ಅಂಥದ್ದಕ್ಕೆ ಬಳಕೆಯಾಗಬೇಕಾಯಿತು.

2009ರ ಸೆಪ್ಟೆಂಬರಿನಲ್ಲಿ ಅವನನ್ನು ಚಟ ಬಿಡಿಸುವ ಕೇಂದ್ರಕ್ಕೆ ಕಳಿಸಿದರು. ಅಲ್ಲಿಂದ ಬಂದವನನ್ನು ಮತ್ತೆ ಗುದ್ದಾಟಕ್ಕೆ ಇಳಿಸಿದರು. ಮರುವರ್ಷ ನ್ಯೂಯಾರ್ಕಿನವರು ಆ ಮೂವತ್ತು ಕೋಟಿಯ ಕರಾರು ಮಾಡಿದ್ದು ಇಂಥವನ ಜೊತೆ. ಅಲ್ಲಿ ಅವನು ಆಡಿದ್ದು 22 ಪಂದ್ಯ. 2010ರ ನವೆಂಬರ್ 9ರಂದು ಒಂದು ಗೋಲು ಹೊಡೆದ, 234 ಪಂದ್ಯಗಳ ನಂತರದ ಗೋಲು. ಡಿಸೆಂಬರ್ 9ರಂದು ಒಟ್ಟಾವದಲ್ಲಿ ಕೊನೆಯ ಗುದ್ದಾಟ. ತಲೆಗೆ ಬಿದ್ದ ಏಟಿನಿಂದ ಮತ್ತೆ ಆಡಲಾಗಲಿಲ್ಲ. ಬೆಳಕು ಕಂಡರಾಗದೆ ವಾರಗಟ್ಟಲೆ ನ್ಯೂಯಾರ್ಕಿನ ಮನೆಯೊಳಗೆ ಕತ್ತಲೆ ಮಾಡಿಕೊಂಡು ಒಬ್ಬನೇ ಇದ್ದ. 2011ರ ಮೇ 13ರಂದು ಮಿನಿಯಾಪೊಲಿಸಿನ ಮನೆಯಲ್ಲಿ ಅವನು ಸತ್ತಿದ್ದುದನ್ನು ಕಂಡವರು ಅವನ ತಮ್ಮಂದಿರು. ಮದ್ಯ, ಆಕ್ಸಿಕೊಡೋನ್ ಎರಡೂ ಸೇರಿ ಆಕಸ್ಮಿಕವಾಗಿ ಆದ ಸಾವು ಎಂದು ತೀರ್ಮಾನವಾಯಿತು. ಇಪ್ಪತ್ತೊಂಬತ್ತು ತುಂಬಲು ಇನ್ನೂ ಆರು ವಾರ ಇತ್ತು. ಒಟ್ಟು ಆಡಿದ್ದು 277 ಪಂದ್ಯ, ಗೋಲು ಮೂರು, ತಪ್ಪಿಗಾಗಿ ಬೆಂಚಿನ ಮೇಲೆ ಕೂತ ನಿಮಿಷ 589.

ಅದೇ ವರ್ಷದ ಆಗಸ್ಟಿನಲ್ಲಿ ಇದೇ ಕಸುಬಿನ ಇನ್ನಿಬ್ಬರು ತೀರಿಕೊಂಡರು: 27 ವರ್ಷದ ರಿಕ್ ರಿಪಿಯನ್, 35 ವರ್ಷದ ವೇಡ್ ಬೆಲಾಕ್.

ಅವನ ಮನೆಯವರು ಮಗನ ಮಿದುಳನ್ನು ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರಿಗೆ ಕೊಟ್ಟರು. ಆ ತಾಯಿಯ ಸಂಕಟವನ್ನು ನಾನು ವರ್ಣಿಸಲು ಹೋಗುವುದಿಲ್ಲ. ಹೆತ್ತವರಿಗೆ ವರ್ಣನೆ ಬೇಡ. ಆನ್ ಮೆಕೀ ಎಂಬ ವೈದ್ಯೆ ಅದನ್ನು ಪರೀಕ್ಷಿಸಿದರು. ಸಿ.ಟಿ.ಇ. ಎಂಬ ಕಾಯಿಲೆ ಕಂಡಿತು. ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದವರ ಮಿದುಳಿನಲ್ಲಿ ಒಂದು ಬಗೆಯ ಪ್ರೋಟೀನು ಗಂಟುಗಂಟಾಗಿ ಸೇರಿಕೊಂಡು ಮೆಲ್ಲಗೆ ತಿನ್ನುವ ಕಾಯಿಲೆ. ಮರೆವು, ಸಿಟ್ಟು, ಮಂಕು ಎಲ್ಲ ಅದರ ಹಿಂದೆ ಬರುತ್ತವೆ. ಬದುಕಿದ್ದಾಗ ಖಚಿತವಾಗಿ ಗುರುತು ಹಿಡಿಯಲಾಗದು. ಸತ್ತ ಮೇಲೆ ಮಿದುಳನ್ನು ಸೀಳಿಯೇ ನೋಡಬೇಕು. ಇಪ್ಪತ್ತೆಂಟು ವರ್ಷದವನ ಮಿದುಳಿನಲ್ಲಿ ಅದು ಅಷ್ಟು ಮುಂದುವರಿದಿದ್ದುದನ್ನು ಕಂಡು ಪರೀಕ್ಷಿಸಿದವರೇ ದಂಗಾದರು.

ಗೊತ್ತಿತ್ತು ಎಂದೆನಲ್ಲ, ಅದಕ್ಕೆ ಸಾಕ್ಷಿ ಕೊಡಬೇಕು. ಆ ಮೂರು ಸಾವುಗಳ ಬೆನ್ನಿಗೇ, 2011ರಲ್ಲಿ, ಎನ್‌ಎಚ್‌ಎಲ್‌ನ ಎರಡನೇ ಸ್ಥಾನದ ಅಧಿಕಾರಿ ಬಿಲ್ ಡಾಲಿ ತಮ್ಮ ಮೇಲಧಿಕಾರಿ ಗ್ಯಾರಿ ಬೆಟ್‌ಮನ್‌ಗೆ ಬರೆದ ಒಂದು ಈಮೇಲು 2016ರಲ್ಲಿ ನ್ಯಾಯಾಲಯದ ಮೂಲಕ ಹೊರಗೆ ಬಂತು. ಹೊಡೆದಾಟದಿಂದ ತಲೆಗೆ ಪೆಟ್ಟು ಹೆಚ್ಚುತ್ತದೆ, ಅದರಿಂದ ಖಿನ್ನತೆ ಹೆಚ್ಚುತ್ತದೆ, ಅದರಿಂದ ಇಂಥ ದುರಂತಗಳು ಹೆಚ್ಚುತ್ತವೆ ಎನ್ನುವ ಅರ್ಥದ ಮಾತುಗಳು ಅದರಲ್ಲಿದ್ದವು. ನಾನು, ನೀವು, ಬೀದಿ ನಲ್ಲಿಯ ಹತ್ತಿರ ನಿಂತವರು ಯಾರಾದರೂ ಹೇಳುವ ಮಾತೇ. ಆದರೂ 2019ರಲ್ಲಿ ಕೆನಡಾದ ಸಂಸತ್ತಿನ ಸಮಿತಿಯ ಮುಂದೆ ಕೂತ ಬೆಟ್‌ಮನ್ ಆಟಕ್ಕೂ ಆ ಕಾಯಿಲೆಗೂ ಸಂಬಂಧ ಇನ್ನೂ ಸಾಬೀತಾಗಿಲ್ಲ ಎಂದೇ ಹೇಳಿದರು. ಒಳಗೊಂದು ಮಾತು, ಹೊರಗೊಂದು ಮಾತು. ಹೆಣ್ಣು ನೋಡಲು ಬಂದವರ ಹಾಗೆ.

ಬೂಗಾರ್ಡನ ಮನೆಯವರು 2013ರಲ್ಲಿ ಹೂಡಿದ ದಾವೆಯನ್ನು ಷಿಕಾಗೋದ ನ್ಯಾಯಾಲಯ 2017ರಲ್ಲಿ ವಜಾ ಮಾಡಿತು. ದಾವೆ ಹೂಡುವ ಹಕ್ಕು ಯಾರದು, ಯಾವ ರಾಜ್ಯದ ಕಾನೂನು ಎಂಬಂಥ ಅಂಶಗಳ ಮೇಲೆ. ಹುಡುಗನನ್ನು ನಡೆಸಿಕೊಂಡ ರೀತಿಯನ್ನು ಈ ತೀರ್ಪು ಮೆಚ್ಚುತ್ತದೆಂದು ತಿಳಿಯಬೇಡಿ ಎಂದು ನ್ಯಾಯಾಧೀಶರೇ ಸೇರಿಸಿದರಂತೆ. ಬೇರೆ ಹಳೆಯ ಆಟಗಾರರು ಹೂಡಿದ್ದ ದಾವೆ 2018ರಲ್ಲಿ ರಾಜಿಯಲ್ಲಿ ಮುಗಿಯಿತು. 318 ಜನರಿಗೆ ಒಟ್ಟು 189 ಲಕ್ಷ ಡಾಲರು, ನಮ್ಮದು ತಪ್ಪಿದೆ ಎಂದು ಒಪ್ಪಿಕೊಳ್ಳದೆ. ತಲೆಗೆ ಇಷ್ಟು ಎಂದು ಹಂಚಿದರು ಎನ್ನುವ ಮಾತಿಗೆ ಅಲ್ಲಿ ಬೇರೆಯೇ ಅರ್ಥ ಬರುತ್ತದೆ.

'ಇದೆಲ್ಲ ಸರಿ ಅತ್ತೆ, ಆದರೆ ಹೊಡೆದಾಟ ಅದರ ಭಾಗ. ಅದಿಲ್ಲದಿದ್ದರೆ ಅದು ಹಾಕಿಯೇ ಅಲ್ಲ' ಎಂದು ಈಗಲೂ ಅಳಿಯಂದಿರು ಫೋನಿನಲ್ಲಿ ವಾದಿಸುತ್ತಾರೆ. ಒಲಿಂಪಿಕ್ಸ್‌ನಲ್ಲಿ ಇದೇ ಆಟ ಆಡುವುದಿಲ್ಲವೇ? ಅಲ್ಲಿ ಕೈ ಎತ್ತಿದವನನ್ನು ಪಂದ್ಯದಿಂದಲೇ ಹೊರಗೆ ಹಾಕುತ್ತಾರೆ. ಇದೇ ಎನ್‌ಎಚ್‌ಎಲ್ ಆಟಗಾರರು ಅಲ್ಲಿಗೆ ಹೋದಾಗ ಕೈ ಕಟ್ಟಿಕೊಂಡು ಚೆನ್ನಾಗಿಯೇ ಆಡುತ್ತಾರೆ. ಕ್ವಿಬೆಕ್‌ನ ಕಿರಿಯರ ಲೀಗು 2023ರಲ್ಲಿ ಹೊಡೆದಾಟವನ್ನು ನಿಷೇಧಿಸಿತು, ಮಂಜುಗಡ್ಡೆ ಕರಗಲಿಲ್ಲ. ಹೊಡೆದಾಟ ಇಲ್ಲದಿದ್ದರೆ ಜನ ದುಡ್ಡು ಕೊಟ್ಟು ಬರುವುದಿಲ್ಲ ಎನ್ನುತ್ತಾರಲ್ಲ, ಅವರಿಗೆ ಒಂದು ಮಾತು. 2024ರ ಜನವರಿಯಲ್ಲಿ ಹೆಂಗಸರದೇ ಹೊಸ ವೃತ್ತಿಪರ ಲೀಗು ಶುರುವಾಯಿತು. ಆ ಏಪ್ರಿಲಿನಲ್ಲಿ ಮಾಂಟ್ರಿಯಲ್ ನಗರದಲ್ಲಿ ಟೊರಾಂಟೊ, ಮಾಂಟ್ರಿಯಲ್ ಹೆಣ್ಣುಮಕ್ಕಳು ಆಡಿದ್ದನ್ನು ನೋಡಲು ಬಂದವರು 21,105 ಜನ. ಗುದ್ದಾಡಲೆಂದು ಸಾಕಿದ ಒಬ್ಬಳೂ ಆ ಎರಡು ತಂಡಗಳಲ್ಲಿ ಇರಲಿಲ್ಲ. ಆ ಹೆಣ್ಣುಮಕ್ಕಳ ಸಂಬಳದ ವಿಷಯ ಇನ್ನೊಂದು ಲೇಖನಕ್ಕಾಗುವಷ್ಟಿದೆ: ಅಲ್ಲಿ ಅತಿ ಕಡಿಮೆ ಎಂದರೆ ವರ್ಷಕ್ಕೆ 35,000 ಡಾಲರು ಎಂದು ಕರಾರಾಗಿತ್ತು. ಗೋಲು ಹೊಡೆಯುವ ಹೆಣ್ಣಿಗೆ ಅಷ್ಟು, ಗುದ್ದುವ ಗಂಡಿಗೆ ವರ್ಷಕ್ಕೆ 16 ಲಕ್ಷ ಡಾಲರಿಗೂ ಮೇಲೆ. ಕಾಲ ಬೇರೆ, ಲೀಗು ಬೇರೆ, ಹೋಲಿಸಬಾರದು ಎನ್ನುತ್ತೀರೇನೋ. ಹೋಲಿಸಿದ್ದೇನೆ.

ನಿಜ, ಈಗ ಎನ್‌ಎಚ್‌ಎಲ್‌ನಲ್ಲಿ ಗುದ್ದಾಟಗಳು ಮೊದಲಿನಷ್ಟಿಲ್ಲ. ಅದಕ್ಕೆಂದೇ ಇರುವ ಆಳುಗಳೂ ಕಡಿಮೆಯಾಗಿದ್ದಾರೆ. ಆದರೆ 2025ರ ಫೆಬ್ರವರಿಯಲ್ಲಿ ಅದೇ ಸಂಸ್ಥೆ ಏರ್ಪಡಿಸಿದ ನಾಲ್ಕು ದೇಶಗಳ ಪಂದ್ಯಾವಳಿಯಲ್ಲಿ ಅಮೆರಿಕ, ಕೆನಡಾ ಮಾಂಟ್ರಿಯಲ್‌ನಲ್ಲಿ ಎದುರಾದವು. ಆಟ ಶುರುವಾಗಿ ಒಂಬತ್ತು ಸೆಕೆಂಡು ಕಳೆಯುವುದರೊಳಗೆ ಮೂರು ಗುದ್ದಾಟಗಳಾದವು. ನಾಚಿಕೆಪಡಬೇಕಾದ ಸಂಗತಿ ಎಂದುಕೊಂಡರೆ, ಎಷ್ಟೋ ಜನ ಅದನ್ನು ದೇಶಪ್ರೇಮ ಎಂದರು! ಐದು ನಿಮಿಷದ ಶಿಕ್ಷೆಯ ನಿಯಮ ಇಂದಿಗೂ ಹಾಗೇ ಇದೆ. ನಿಯಮ ಇರುವ ತನಕ ಅದಕ್ಕೊಂದು ಹುಡುಗ ಎಲ್ಲಿಂದಲಾದರೂ ಸಿಕ್ಕೇ ಸಿಗುತ್ತಾನೆ.

ಎತ್ತರದ, ಸ್ವಲ್ಪ ಮಂಕಾದ, ಮೆಚ್ಚುಗೆಗೆ ಹಸಿದ ಹುಡುಗ. ಇಂಥವರನ್ನು ಹೆತ್ತವರು, ಬೆಳಗಿನ ಜಾವ ಎಬ್ಬಿಸಿ ಹಾಲು ಕುಡಿಸಿ ಆಟಕ್ಕೆ ಕಳಿಸುವವರು ನಾವು. ಬಿದ್ದು ಅತ್ತರೆ 'ಗಂಡು ಹುಡುಗ ಅಳಬಾರದು' ಎನ್ನುವವರೂ ನಾವೇ, ಅಲ್ಲವೇ? ನನ್ನ ಅಮ್ಮ ನನ್ನ ತಮ್ಮಂದಿರಿಗೆ ಇದನ್ನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಅಳದ ಹುಡುಗನನ್ನು ಬೆಳೆಸಿಕೊಟ್ಟರೆ ಅವನನ್ನು ಕೊಳ್ಳುವವರು ಹೊರಗೆ ನಿಂತಿರುತ್ತಾರೆ. ಅಲ್ಲಿ ಹಾಕಿ ತಂಡ, ಇಲ್ಲಿ ಚುನಾವಣೆಯ ಹೊತ್ತಿಗೆ ಯಾವುದೋ ಮುಖಂಡರ ಜೀಪು. ದವಡೆ ಮುರಿದ ಮೇಲೆ ಮನೆಗೆ ಬಂದಾಗ ಗಂಜಿ ಕುಡಿಸುವ ಕೆಲಸ ಮಾತ್ರ ನಮ್ಮದು. ಗಾಜಿನಾಚೆ ಮಗುವನ್ನು ಎತ್ತಿ ತೋರಿಸಿದಳಲ್ಲ ಆ ತಾಯಿ, ಅವಳ ಮೇಲೆ ನನಗೆ ಈಗಲೂ ಸಿಟ್ಟಿದೆ. ತಂಡದ ಮಾಲೀಕರ ಮೇಲಿರುವಷ್ಟೇ ಇದೆ.

ಅಂದು ತೊಟ್ಟಿಲಲ್ಲಿ ಬೆಚ್ಚಿದ ಕೂಸಿಗೆ ಈಗ ಹದಿನಾರು ದಾಟಿದೆ. ಅಪ್ಪನಿಗಿಂತ ಒಂದು ಗೇಣು ಎತ್ತರ ಬೆಳೆದಿದ್ದಾನೆ. ಹಾಕಿ ಆಡುತ್ತಾನೆ, ಮಿನೆಸೋಟದಲ್ಲಿ ಹುಟ್ಟಿ ಆಡದಿದ್ದರೆ ಹೇಗೆ? ಆಡಲಿ, ಬೇಡವೆನ್ನುವುದಿಲ್ಲ. 2011ರಿಂದ ಅಮೆರಿಕದಲ್ಲಿ ಹನ್ನೆರಡು ವರ್ಷದೊಳಗಿನವರ ಆಟದಲ್ಲಿ ಮೈಗೆ ಮೈ ಗುದ್ದುವುದನ್ನೇ ತೆಗೆದುಹಾಕಿದ್ದರಿಂದ ಅವನ ಬಾಲ್ಯದ ತಲೆಯಾದರೂ ಉಳಿಯಿತು ಎಂದು ಸಮಾಧಾನಪಟ್ಟುಕೊಂಡಿದ್ದೆ. ಹೋದ ಚಳಿಗಾಲದಲ್ಲಿ ಮಗಳು ಫೋನು ಮಾಡಿ, 'ಅಮ್ಮ, ಇವನ ಎತ್ತರ ನೋಡಿ ಕೋಚಿಗೆ ತುಂಬ ಖುಷಿಯಂತೆ. ಎದುರಿನವರು ಇವನನ್ನು ನೋಡಿಯೇ ಹಿಂದೆ ಸರಿಯುತ್ತಾರೆ ಅಂದರಂತೆ' ಎಂದಳು. ಅವಳ ದನಿಯಲ್ಲಿ ಹೆಮ್ಮೆ ಇತ್ತು. ನಾನು ಕೇಳಿದೆ, 'ಅವನು ಸ್ಕೇಟಿಂಗ್ ಹೇಗೆ ಮಾಡುತ್ತಾನೆ ಅಂತ ಏನಾದರೂ ಹೇಳಿದರಾ?'

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಕೇಳಿ ಹೇಳುತ್ತೇನೆ ಎಂದಿದ್ದಾಳೆ.